ಕಾವೇರಿಯ ಬಿಳಿಮೀನು

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲುಗಳ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಎಸೆಯದೆ ಹಿಂದಿರುಗುವುದು ವಿರಳ. ಅಲ್ಲಿ ನೀರನ್ನು ಕಲಕುತ್ತ ಮೇಲೆ ಬರುವ ಆ ದಪ್ಪ ಮೀನುಗಳು ಗೆಂಡೆಯ ಮನೆತನಕ್ಕೆ ಸೇರಿದವು. ಕಟ್ಲಾ, ರೋಹುಗಳಂತಹ ಸಾಧುಗಳಿರುವ ಈ ಮನೆತನದಲ್ಲಿ ಮಲ್ಲನೊಬ್ಬನೂ ಹುಟ್ಟಿದ್ದಾನೆ. ಅವನೇ ಮಹಶೀರ್. ಬೆನ್ನಿನ ಮೇಲೆ ಡುಬ್ಬವಿರುವ ಅವನ ಕಾವೇರಿ ಸೀಮೆಯ ರೂಪಕ್ಕೆ ದಂಡೆಯ ಜನ ಇಟ್ಟ ಹೆಸರು ಬಿಳಿಮೀನು. ಗೆಂಡೆಗಳಿಗೆ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಅದರಿಂದಲೇ ಬಿಳಿಮೀನು ಏಡಿಯನ್ನು ನುಚ್ಚುಮಾಡಿ ನುಂಗುತ್ತದೆ.

ಹಕ್ಕಿಯ ಗರಿಯನ್ನು ಗಾಳಕ್ಕೆ ಬಿಗಿದು, ನೊಣದಂತೆ ಕಾಣುವ ಎರೆಯನ್ನು ನೀರಿನ ಮೇಲೆ ಹಗುರಾಗಿ ಇಳಿಸುವ ವಿದ್ಯೆಯನ್ನು ಈ ನಾಡಿಗೆ ತಂದವರು ಇಂಗ್ಲಿಷರು. ಆ ಎರೆಗೆ ತೂಕವೇ ಇಲ್ಲ. ಅದನ್ನು ದೂರಕ್ಕೆ ಒಯ್ಯುವುದು ದಾರದ ಭಾರ. ನಮ್ಮ ಹೊಳೆಗಳ ಗಾಳಬೇಟೆಯನ್ನು ಕುರಿತು ಎಚ್. ಎಸ್. ಥಾಮಸ್ ಬರೆದ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಆದರೆ ಕಾವೇರಿಯ ಮಡುಗಳಲ್ಲಿ ದೊಡ್ಡ ಬಿಳಿಮೀನಿಗೆ ಹೆಚ್ಚು ರುಚಿಸಿದ್ದು ಗರಿಯ ನೊಣವಲ್ಲ, ಬೇಯಿಸಿದ ರಾಗಿಹಿಟ್ಟಿನ ಉಂಡೆ! ಕನ್ನಡದ ನೀರಿನಲ್ಲಿ ಬೆಳೆದ ಮೀನಿಗೆ ಮುದ್ದೆಯ ಮೇಲೆ ಮೋಹವಿದ್ದರೆ ಆಶ್ಚರ್ಯವೇನು? 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಎಳೆದ ಮೀನು 120 ಪೌಂಡು ತೂಗಿತು.

ಅನಂತರ ಆ ಮೀನಿನ ಕಥೆ ಮುಗಿಯಿತೆಂದೇ ಹಲವರು ಭಾವಿಸಿದ್ದರು. 1978ರಲ್ಲಿ ಇಂಗ್ಲೆಂಡಿನ ಮೂವರು ತರುಣರು ಕಾವೇರಿಯಲ್ಲಿ ದೊಡ್ಡ ಮೀನುಗಳನ್ನು ಹಿಡಿದು ತೋರಿಸಿದ ಮೇಲೆ ಗಾಳಗಾರರ ಕಣ್ಣು ಮತ್ತೆ ಇತ್ತ ಹೊರಳಿತು. ಶಿವನಸಮುದ್ರದ ಕೆಳಗೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಬಿಡಾರಗಳು ಎದ್ದವು. ಹಿಡಿದ ಮೀನನ್ನು ತೂಗಿ, ಲೆಕ್ಕ ಬರೆದು, ಮತ್ತೆ ಹೊಳೆಗೇ ಬಿಡಬೇಕೆಂಬುದು ಅಲ್ಲಿನ ಕಟ್ಟಳೆ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಹರಿಗೋಲು ನಡೆಸುವ ಮಾರ್ಗದರ್ಶಕರಾದರು. ಜೀವಂತ ಮೀನೇ ಅವರ ಸಂಬಳಕ್ಕೆ ಆಧಾರವಾದುದರಿಂದ, ಸಿಡಿಮದ್ದು ಎಸೆದು ಮೀನು ಕೊಲ್ಲುವವರನ್ನು ಕಾಯುವ ಕಾವಲೂ ತಾನಾಗಿ ಏರ್ಪಟ್ಟಿತು.

ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಸಿಕ್ಕ ಮೀನುಗಳ ಸಂಖ್ಯೆ ಏರಿತ್ತು. ಆದರೆ ಏರಿದ್ದು ನೀಲಿ ಈಜುರೆಕ್ಕೆಯ ಬೇರೊಂದು ಮಹಶೀರ್. ಡುಬ್ಬದ ಬಿಳಿಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿತ್ತು. ಸಿಕ್ಕ ಕೆಲವು ಗಾತ್ರದಲ್ಲಿ ದೊಡ್ಡವು, ಮರಿಗಳೇ ಅಪರೂಪ. ಮುದುಕರು ಮಾತ್ರ ಉಳಿದ ಮನೆಯ ಸ್ಥಿತಿ!

ಈ ನೀಲಿರೆಕ್ಕೆಯ ತವರು ಕೃಷ್ಣೆಯ ಬಳಗ. ಸೈಕ್ಸ್ ಎಂಬಾತ 1839ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ್ದು ಪುಣೆಯ ಸಮೀಪದ ಹೊಳೆಯ ಮೀನನ್ನು ನೋಡಿ. ಆ ಹೊಳೆಯ ನೀರು ಭೀಮೆಯ ಮೂಲಕವೂ, ಕಣಗಲಾ, ಸಂಕೇಶ್ವರಗಳ ಸೀಮೆಯ ಹಿರಣ್ಯಕೇಶಿಯ ನೀರು ಘಟಪ್ರಭೆಯ ಮೂಲಕವೂ ಸೇರುವುದು ಕೃಷ್ಣೆಯನ್ನೇ. ಲೋಣಾವಳದಲ್ಲಿ ಸಾಕಿದ ಈ ಜಾತಿಯ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಡಲಾಯಿತು. ಒಂದು ಹೊಳೆಯ ಮೀನು ಇನ್ನೊಂದು ಹೊಳೆಗೆ ಅತಿಥಿಯಾಗಿ ಬಂದು ಯಜಮಾನನಾಗಬಹುದೆಂಬ ಯೋಚನೆ ಆಗ ಬಂದಂತಿಲ್ಲ. ಇದರೊಡನೆ ಅಣೆಕಟ್ಟು, ಮರಳು ತೆಗೆಯುವಿಕೆ, ಸಿಡಿಮದ್ದು ಸೇರಿಕೊಂಡವು.

ವಿಚಿತ್ರವೆಂದರೆ, ಒಂದೂವರೆ ಶತಮಾನ ಕೀರ್ತಿ ಪಡೆದ ಬಿಳಿಮೀನಿಗೆ ಖಚಿತವಾದ ಶಾಸ್ತ್ರನಾಮ ದೊರೆತದ್ದು 2018ರಲ್ಲಿ. ಕೇರಳದ ಪಾಂಬಾರಿನಿಂದ 2007ರಲ್ಲಿ ವರ್ಣಿತವಾಗಿದ್ದ ‘ಟಾರ್ ರೆಮಾದೇವಿ’ಯೇ ಇದೆಂದು ಆಗ ಗೊತ್ತಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣವೂ ಅಪಾಯದ ಸುದ್ದಿಯೂ ಒಟ್ಟಿಗೆ ಬಂದಂತಾಯಿತು.

ಅಷ್ಟರಲ್ಲಿ ಬಿಡಾರಗಳ ಗಾಳ ನಿಂತುಹೋಗಿತ್ತು. ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನ ಅರ್ಥವಿವರಣೆಯಿಂದ 2012ರಲ್ಲಿ ಅದಕ್ಕೆ ತಡೆ ಬಿತ್ತು. ಬಿಟ್ಟುಬಿಡುವ ಮೀನಿಗೂ ಗಾಳದ ನೋವು ನೋವೇ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ರಾತ್ರಿ ಸಿಡಿಮದ್ದು ತರುವವನಿಗೆ ಯಾವ ಕಾನೂನಿನ ಅಂಜಿಕೆಯೂ ಇಲ್ಲ. ಅವನು ಅಂಜುತ್ತಿದ್ದುದು ದಂಡೆಯ ಮೇಲಿನ ಕಣ್ಣುಗಳಿಗೆ. ಹರಿಗೋಲಿನವರು ಬೇರೆ ಕೆಲಸ ಹುಡುಕಿಕೊಳ್ಳಬೇಕಾಯಿತು. ಮೀನನ್ನು ತೂಗಿ ಲೆಕ್ಕ ಬರೆಯುತ್ತಿದ್ದ ಗಾಲಿಬೋರೆಯ ಪುಸ್ತಕ ಆ ವರ್ಷಕ್ಕೇ ಮುಗಿದಿದೆ.