ಪೈಲಟ್ ತೊಡೆಯ ಮೇಲಿನ ಟ್ಯಾಬ್ಲೆಟ್

ಸಣ್ಣ ವಿಮಾನದ ಪೈಲಟ್ ಹಿಂದೆ ಹೊತ್ತೊಯ್ಯುತ್ತಿದ್ದ ಚೀಲದಲ್ಲಿ ಮಡಚಿದ ನಕ್ಷೆಗಳು, ನಿಲ್ದಾಣಗಳ ವಿವರವಿದ್ದ ದಪ್ಪ ಕಡತ, ಸ್ಕೇಲು, ಕೋನಮಾಪಕ, ಗಾಳಿಯ ಲೆಕ್ಕಕ್ಕೆಂದೇ ಮಾಡಿದ ದುಂಡನೆಯ ಸ್ಲೈಡ್‌ರೂಲು ಇರುತ್ತಿದ್ದವು. ಈ ಎಲ್ಲದರ ಕೆಲಸವನ್ನೂ ಈಗ ತೊಡೆಗೆ ಪಟ್ಟಿ ಬಿಗಿದು ಕೂರಿಸಿದ ಒಂದು ಟ್ಯಾಬ್ಲೆಟ್ ಮಾಡುತ್ತದೆ. 2010ರಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದ ಮೇಲೆ ಈ ಬದಲಾವಣೆ ಬಿರುಸಾಯಿತು. ಅಮೆರಿಕದಲ್ಲಿ ಫೋರ್‌ಫ್ಲೈಟ್, ಗಾರ್ಮಿನ್ ಪೈಲಟ್, ಬ್ರಿಟನ್ನಿನಲ್ಲಿ ಸ್ಕೈಡೆಮನ್ ಎಂಬ ಆ್ಯಪ್‌ಗಳು ಮನೆಮಾತಾದವು. ಖಾಸಗಿ ಹಾರಾಟದಲ್ಲಿ ಕಾಗದದ ನಕ್ಷೆಗೆ ಬದಲಾಗಿ ಪರದೆಯನ್ನು ಬಳಸುವ ಬಗ್ಗೆ ಅಮೆರಿಕದ ವಿಮಾನಯಾನ ಆಡಳಿತ 2007ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು.

ಬೆಂಗಳೂರಿನಲ್ಲಿ ಸಣ್ಣ ವಿಮಾನಗಳ ನೆಲೆ ಜಕ್ಕೂರು. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದೂ ಅಲ್ಲಿಯೇ. ಅಲ್ಲಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 75 ನಾಟಿಕಲ್ ಮೈಲಿ, ಅಂದರೆ 140 ಕಿ.ಮೀ. 90 ನಾಟ್ (ಗಂಟೆಗೆ 90 ನಾಟಿಕಲ್ ಮೈಲಿ) ವೇಗದ ವಿಮಾನಕ್ಕೆ ಗಾಳಿಯಿಲ್ಲದ ದಿನ ಇದು 50 ನಿಮಿಷದ ದಾರಿ. ಆದರೆ ಮುಂಗಾರಿನಲ್ಲಿ, ಸಮುದ್ರಮಟ್ಟದಿಂದ 5,000 ಅಡಿಯ ಆಸುಪಾಸಿನಲ್ಲಿ, ರಾಜ್ಯದ ಮೇಲೆ 30 ನಾಟ್ ವೇಗದ ಪಡುವಣ ಗಾಳಿ ಬೀಸುವುದು ಅಪರೂಪವಲ್ಲ. ಆಗ ನೈರುತ್ಯಕ್ಕೆ ಹೊರಟ ವಿಮಾನ ಗೆರೆ ಬಿಡದೆ ಸಾಗಬೇಕಾದರೆ ಮೂಗನ್ನು 13 ಡಿಗ್ರಿಯಷ್ಟು ಬಲಕ್ಕೆ ತಿರುಗಿಸಿಕೊಂಡಿರಬೇಕು. ನೆಲದ ಮೇಲಿನ ಅದರ ವೇಗ 66 ನಾಟಿಗೆ ಇಳಿಯುತ್ತದೆ, ಪ್ರಯಾಣ 69 ನಿಮಿಷಕ್ಕೆ ಹಿಗ್ಗುತ್ತದೆ. ಅದೇ ಗಾಳಿಯಲ್ಲಿ ಹಿಂದಿರುಗಲು ಹಿಡಿಯುವುದು 41 ನಿಮಿಷ. ಹಿಂದೆ ಸ್ಲೈಡ್‌ರೂಲು ತಿರುಗಿಸಿ ಹಾಕುತ್ತಿದ್ದ ಈ ಲೆಕ್ಕವನ್ನು ಆ್ಯಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿ, ಬೇಕಾದ ಇಂಧನವನ್ನೂ ಹೇಳುತ್ತದೆ. ಹಾರುತ್ತಿರುವಾಗ ವಿಮಾನದ ಪುಟ್ಟ ಗುರುತು ನಕ್ಷೆಯ ಮೇಲೆ ಚಲಿಸುತ್ತಿರುತ್ತದೆ. ನಿಷೇಧಿತ ವಾಯುಪ್ರದೇಶ ಹತ್ತಿರವಾದರೆ ಎಚ್ಚರಿಕೆ ಬರುತ್ತದೆ. ಎಚ್‌ಎಎಲ್, ಯಲಹಂಕ ವಾಯುನೆಲೆ, ದೇವನಹಳ್ಳಿ ನಿಲ್ದಾಣ ಮೂರೂ ಒತ್ತೊತ್ತಾಗಿರುವ ಬೆಂಗಳೂರಿನ ಆಕಾಶದಲ್ಲಿ ಈ ಒಂದು ಸೌಲಭ್ಯಕ್ಕಾಗಿಯೇ ಟ್ಯಾಬ್ಲೆಟ್ ಇಟ್ಟುಕೊಳ್ಳಬಹುದು.

ಇಷ್ಟಕ್ಕೂ ಆಧಾರ ಉಪಗ್ರಹಗಳ ಸಂಕೇತ. ವೈ-ಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಚಿಪ್ ಇರುವುದೇ ಇಲ್ಲ. ಸಿಮ್ ಹಾಕಬಹುದಾದ ಮಾದರಿ ಬೇಕು, ಇಲ್ಲವೇ ಬ್ಲೂಟೂತ್‌ನಲ್ಲಿ ಜೋಡಿಸುವ ಪ್ರತ್ಯೇಕ ರಿಸೀವರ್ ಬೇಕು. ಒಳ್ಳೆಯ ರಿಸೀವರ್ ಆದರೆ ಜಿಪಿಎಸ್ ದೋಷಗಳಿಗೆ ಭಾರತದ ಗಗನ್ ವ್ಯವಸ್ಥೆ ಕಳಿಸುವ ತಿದ್ದುಪಡಿಯನ್ನೂ ಹಿಡಿಯುತ್ತದೆ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್‌ನ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ.

ಉಪಗ್ರಹಗಳು ವಿಮಾನ ನೆಲದ ಯಾವ ಬಿಂದುವಿನ ಮೇಲಿದೆ ಎಂಬುದನ್ನು ಹೇಳುತ್ತವೆ. ಆದರೆ ವಿಮಾನ ತೇಲುವುದು ಗಾಳಿಯಲ್ಲಿ. ಟ್ಯಾಬ್ಲೆಟ್‌ನ ಎಲ್ಲ ಮಿತಿಗಳಲ್ಲಿ ಮುಖ್ಯವಾದದ್ದು ಇದು. ರೆಕ್ಕೆಯ ಕೆಳಗೋ ಮೂಗಿನ ಬಳಿಯೋ ಮುಂದಕ್ಕೆ ಚಾಚಿಕೊಂಡ ಪಿಟೋ ಕೊಳವೆ ಎದುರು ಗಾಳಿಯ ಒತ್ತಡವನ್ನು ಹಿಡಿದು ವೇಗಮಾಪಕಕ್ಕೆ ಒಯ್ಯುತ್ತದೆ. ಟ್ಯಾಬ್ಲೆಟ್‌ಗೆ ಅಂಥ ಕೊಳವೆಯಿಲ್ಲ. ಅದು ತೋರಿಸುವುದು ನೆಲದ ಮೇಲಿನ ವೇಗ. ಹಿಂದಿನಿಂದ 15 ನಾಟ್ ಗಾಳಿ ಬೀಸುತ್ತಿದ್ದಾಗ ಪರದೆಯಲ್ಲಿ 65 ಎಂದಿದ್ದರೆ ರೆಕ್ಕೆಗೆ ಸಿಗುತ್ತಿರುವುದು 50 ಮಾತ್ರ. ಅನೇಕ ತರಬೇತಿ ವಿಮಾನಗಳ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು ಆ ಆಸುಪಾಸಿನಲ್ಲೇ. ಇಳಿಯುವ ಹೊತ್ತಿನಲ್ಲಿ ಈ ಎರಡು ವೇಗಗಳನ್ನು ಗೊಂದಲ ಮಾಡಿಕೊಂಡವರಿಗೆ ಎಷ್ಟು ಚಂದದ ನಕ್ಷೆಯೂ ನೆರವಾಗದು.

ಎತ್ತರದ್ದೂ ಇದೇ ಕಥೆ. ಆಲ್ಟಿಮೀಟರ್ ಅಳೆಯುವುದು ವಾಯುಒತ್ತಡವನ್ನು. ನಿಯಂತ್ರಣ ಗೋಪುರ ಕೊಟ್ಟ ಒತ್ತಡದ ಅಂಕಿಯನ್ನು ಎಲ್ಲ ಪೈಲಟ್‌ಗಳೂ ತಮ್ಮ ಮಾಪಕದಲ್ಲಿ ಹೊಂದಿಸಿಕೊಳ್ಳುವುದರಿಂದ ಒಂದೇ ಪ್ರದೇಶದಲ್ಲಿರುವ ವಿಮಾನಗಳು ಒಂದೇ ಅಳತೆಗೋಲಿನಲ್ಲಿ ಎತ್ತರ ಕಾಯ್ದುಕೊಳ್ಳುತ್ತವೆ. ಜಿಪಿಎಸ್‌ನ ಎತ್ತರ ಬೇರೆಯದೇ ಲೆಕ್ಕ. ಅದು ಮೊದಲು ಅಳೆಯುವುದು ಭೂಮಿಯ ಆಕಾರಕ್ಕೆ ಗಣಿತಜ್ಞರು ಕೊಟ್ಟ ನುಣುಪಾದ ದೀರ್ಘಗೋಳದಿಂದ. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರಮಟ್ಟ ಆ ಗೋಳಕ್ಕಿಂತ ತುಂಬ ಕೆಳಗಿದೆ, ಬೆಂಗಳೂರಿನಲ್ಲಿ ಸುಮಾರು 85 ಮೀಟರ್. ಶ್ರೀಲಂಕಾದ ದಕ್ಷಿಣಕ್ಕೆ ಈ ತಗ್ಗು ನೂರು ಮೀಟರ್ ಮೀರುತ್ತದೆ. ಅದಕ್ಕೆ ಕಾರಣವೇನೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ವಿವರಣೆಯೊಂದನ್ನು ಮಂಡಿಸಿದ್ದಾರೆ. ತಿದ್ದುಪಡಿ ಮಾಡದ ರಿಸೀವರ್ ಜಕ್ಕೂರಿನ ರನ್‌ವೇಯನ್ನು ಇರುವುದಕ್ಕಿಂತ 280 ಅಡಿ ತಗ್ಗಿನಲ್ಲಿ ತೋರಿಸೀತು. ಬಹುತೇಕ ಆ್ಯಪ್‌ಗಳು ಈ ತಿದ್ದುಪಡಿ ಮಾಡುತ್ತವೆ, ನಿಜ. ಹಾಗೆಂದು ಅವುಗಳ ಅಂಕಿ ಆಲ್ಟಿಮೀಟರ್‌ನ ಅಂಕಿಗೆ ತಾಳೆಯಾಗಬೇಕೆಂದೇನೂ ಇಲ್ಲ.

ಎಂಜಿನ್ ನಿಂತರೆ ವಿಮಾನ ಎಲ್ಲಿಯವರೆಗೆ ಜಾರಿಕೊಂಡು ಹೋಗಬಲ್ಲದು ಎಂಬುದನ್ನು ವೃತ್ತವಾಗಿ ಬರೆದು ತೋರಿಸುವುದು ಈ ಆ್ಯಪ್‌ಗಳ ಜಾಣತನದ ಸೌಲಭ್ಯ. ಲೆಕ್ಕಕ್ಕೆಂದು ಜಯನಗರ ನಾಲ್ಕನೇ ಬ್ಲಾಕಿನ ನೆತ್ತಿಯ ಮೇಲೆ, ನೆಲದಿಂದ 3,000 ಅಡಿಯಲ್ಲಿ, ನಾಲ್ಕು ಸೀಟಿನ ಸೆಸ್ನಾ ಇದೆಯೆಂದು ಇಟ್ಟುಕೊಳ್ಳೋಣ. ಒಂದು ಅಡಿ ಇಳಿಯುವಷ್ಟರಲ್ಲಿ ಅದು ಒಂಬತ್ತು ಅಡಿ ಮುಂದೆ ಸಾಗುತ್ತದೆ; ಹಾಗಾಗಿ ವೃತ್ತದ ತ್ರಿಜ್ಯ ಸುಮಾರು 8 ಕಿ.ಮೀ. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಎಲ್ಲವೂ ಒಳಗೇ ಬರುತ್ತವೆ. ತುರಹಳ್ಳಿ ಕಾಡು ಅಂಚಿನಲ್ಲಿ ಸಿಕ್ಕೀತು, ಬನ್ನೇರುಘಟ್ಟ ಸಿಗದು. ಮುಂಗಾರಿನ 30 ನಾಟ್ ಗಾಳಿಯಿದ್ದರೆ, ಇಳಿಯಲು ಹಿಡಿಯುವ ನಾಲ್ಕು ನಿಮಿಷದಲ್ಲಿ ಇಡೀ ವೃತ್ತ ಹೆಚ್ಚುಕಡಿಮೆ 4 ಕಿ.ಮೀ. ಪೂರ್ವಕ್ಕೆ ಜರುಗಿ ತುರಹಳ್ಳಿಯೂ ಕೈತಪ್ಪುತ್ತದೆ. ಗಾಳಿಯ ಅಂಕಿ ಕೊಟ್ಟರೆ ಆ್ಯಪ್ ಇದನ್ನೂ ಬರೆದು ತೋರಿಸುತ್ತದೆ. ಆದರೆ ವೃತ್ತದೊಳಗೆ ಮನೆಗಳಿವೆಯೋ ಬಯಲಿದೆಯೋ ಎಂಬ ತೀರ್ಮಾನ ಅದರದ್ದಲ್ಲ. ಲಾಲ್‌ಬಾಗ್ ಮತ್ತು ಮಡಿವಾಳ ಕೆರೆ ಬಿಟ್ಟರೆ ಈ ಬಡಾವಣೆಗಳಲ್ಲಿ ದೊಡ್ಡ ಖಾಲಿ ಜಾಗವೇ ಇಲ್ಲ. ಒಂಟಿ ಎಂಜಿನ್ನಿನ ವಿಮಾನಗಳು ದಟ್ಟ ಜನವಸತಿಯ ಮೇಲೆ ತಗ್ಗಿನಲ್ಲಿ ಹಾರಬಾರದೆಂಬ ನಿಯಮಕ್ಕೆ ಕಾರಣ ಇದೇ.

ವಿಮಾನದ ಮಾಪಕ ಕೆಟ್ಟಾಗ ಟ್ಯಾಬ್ಲೆಟ್ ಬದಲಿ ಉಪಕರಣವೂ ಆಗಬಲ್ಲದೆ? ಹಳೆಯ ತರಬೇತಿ ವಿಮಾನಗಳಲ್ಲಿ ಆರು ಮುಖ್ಯ ಮಾಪಕಗಳಿರುತ್ತವೆ. ಮೂರು ಗಾಳಿಯ ಒತ್ತಡದಿಂದ, ಮೂರು ತಿರುಗುವ ಗೈರೊಗಳಿಂದ ನಡೆಯುತ್ತವೆ. ಗೈರೊಗಳಲ್ಲಿ ಎರಡು ಎಂಜಿನ್ ತಿರುಗಿಸುವ ನಿರ್ವಾತ ಪಂಪಿಗೆ ಕಟ್ಟುಬಿದ್ದಿರುತ್ತವೆ. ಮೋಡದೊಳಗೆ ಪಂಪು ಕೈಕೊಟ್ಟರೆ ದಿಗಂತ ತೋರಿಸುವ ಮಾಪಕ ಮೆಲ್ಲಗೆ ವಾಲತೊಡಗುತ್ತದೆ, ಪೈಲಟ್ ಅದನ್ನೇ ನಂಬಿಕೊಂಡು ವಿಮಾನವನ್ನೂ ವಾಲಿಸುತ್ತಾನೆ. ಹೊರಗೆ ಏನೂ ಕಾಣದಾಗ ಒಳಗಿವಿಯ ಸಮತೋಲನ ಪ್ರಜ್ಞೆ ಎಷ್ಟು ದುರ್ಬಲವೆಂದು ಇಲಿನಾಯ್ ವಿಶ್ವವಿದ್ಯಾಲಯ 1954ರಲ್ಲಿ ಪರೀಕ್ಷಿಸಿತ್ತು: ಉಪಕರಣ ಹಾರಾಟದ ತರಬೇತಿಯಿಲ್ಲದ 20 ಮಂದಿ ಕಾಣದ ಸ್ಥಿತಿಯಲ್ಲಿ ಸರಾಸರಿ 178 ಸೆಕೆಂಡಿನಲ್ಲಿ ನಿಯಂತ್ರಣ ಕಳೆದುಕೊಂಡರು.

ಟ್ಯಾಬ್ಲೆಟ್‌ನೊಳಗೂ ಸೂಕ್ಷ್ಮ ಗೈರೊ, ವೇಗೋತ್ಕರ್ಷ ಮಾಪಕಗಳಿವೆ. ದಿಗಂತವನ್ನು ಅದೂ ಬರೆಯಬಲ್ಲದು. ತೊಡಕು ಇರುವುದು ತಿರುವಿನಲ್ಲಿ. ಸರಿಯಾಗಿ ಮಾಡಿದ ತಿರುವಿನಲ್ಲಿ ಪ್ರಯಾಣಿಕನ ಲೋಟದ ನೀರು ತುಳುಕುವುದಿಲ್ಲ, ಏಕೆಂದರೆ ಬಲವೆಲ್ಲ ವಿಮಾನದ ನೆಲದ ಕಡೆಗೇ ಇರುತ್ತದೆ. ಟ್ಯಾಬ್ಲೆಟ್‌ನ ಸಂವೇದಕಕ್ಕೂ ಹಾಗೆಯೇ ಅನ್ನಿಸಿ, ವಾಲಿದ ವಿಮಾನವನ್ನು ಅದು ಸಮವಾಗಿದೆಯೆಂದು ಬಗೆಯತೊಡಗುತ್ತದೆ. ಮೇಲಾಗಿ ತೊಡೆ ಅಲುಗಿದರೆ ದಿಗಂತವೂ ಅಲುಗುತ್ತದೆ. ಆದ್ದರಿಂದ ಸ್ಟ್ರಾಟಸ್‌ನಂಥ ಸಂವೇದಕ ಪೆಟ್ಟಿಗೆಯನ್ನು ವಿಮಾನಕ್ಕೆ ಭದ್ರವಾಗಿ ಕೂರಿಸಿ, ಅದರ ಗೈರೊ ಹಾಗೂ ಜಿಪಿಎಸ್ ಮಾಹಿತಿಯನ್ನು ಬೆರೆಸಿ ಪರದೆಗೆ ಕಳಿಸುವ ವಿಧಾನ ಬಂತು. ಪಂಪು ಕೆಟ್ಟ ಗಳಿಗೆಯಲ್ಲಿ ಮೋಡದಿಂದ ಹೊರಬರಲು ಇದು ನೆರವಾದೀತು. ಕಾನೂನಿನ ಕಣ್ಣಿನಲ್ಲಿ ಮಾತ್ರ ಇದು ಕಡ್ಡಾಯ ಉಪಕರಣಕ್ಕೆ ಬದಲಿಯಲ್ಲ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿ 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿಸಿದ ಹಂಸ-ಎನ್‌ಜಿಯಂಥ ಹೊಸ ವಿಮಾನಗಳಲ್ಲಿ ಫಲಕವೇ ಡಿಜಿಟಲ್ ಪರದೆಯಾಗಿದೆ. ನೋಡಲು ಟ್ಯಾಬ್ಲೆಟ್‌ನಂತೆಯೇ ಇದ್ದರೂ ಅದರ ಹಿಂದೆ ಪಿಟೋ ಕೊಳವೆ, ಪ್ರಮಾಣಿತ ಸಂವೇದಕಗಳಿರುತ್ತವೆ.

ಭಾರತದಲ್ಲಿ ಇನ್ನೊಂದು ಕೊರತೆಯಿದೆ. ಅಮೆರಿಕದ ಪೈಲಟ್‌ಗಳಿಗೆ ನೆಲದ ಕೇಂದ್ರಗಳಿಂದ ಹವಾಮಾನದ ಚಿತ್ರ ಉಚಿತವಾಗಿ ಟ್ಯಾಬ್ಲೆಟ್‌ಗೆ ಬರುತ್ತದೆ. ಆ ಪ್ರಸಾರ ಇಲ್ಲಿಲ್ಲ. ಮೊಬೈಲ್ ಗೋಪುರಗಳ ಸಂಕೇತ ನೆಲದತ್ತ ಬಾಗಿರುವುದರಿಂದ ಮೇಲೆ ಇಂಟರ್ನೆಟ್ಟನ್ನೂ ನೆಚ್ಚುವಂತಿಲ್ಲ. 28 ದಿನಕ್ಕೊಮ್ಮೆ ಪರಿಷ್ಕೃತವಾಗುವ ನಿಲ್ದಾಣ ಮಾಹಿತಿ, ಹವಾಮಾನ ವರದಿ ಎಲ್ಲವನ್ನೂ ಹೊರಡುವ ಮುನ್ನವೇ ಇಳಿಸಿಕೊಂಡಿರಬೇಕು.

ಬಿಸಿಲಿನ ಕಾಟ ಬೇರೆ. ಐಪ್ಯಾಡ್‌ಗೆ ತಯಾರಕರು ಹೇಳುವ ಗರಿಷ್ಠ ಪರಿಸರ ತಾಪ 35 ಡಿಗ್ರಿ ಸೆಲ್ಸಿಯಸ್. ಹಾರಾಟ ಶಾಲೆಗಳಿರುವ ಕಲಬುರಗಿಯಲ್ಲಿ ಏಪ್ರಿಲ್ ತಿಂಗಳ ನೆರಳಿನಲ್ಲೇ ಅದಕ್ಕಿಂತ ಹೆಚ್ಚು ಸೆಕೆ; ಗಾಜಿನ ಮೇಲ್ಛಾವಣಿಯ ಕೆಳಗೆ ಪರದೆ ತಾನಾಗಿ ಆರಿಹೋಗುವುದು ಆಶ್ಚರ್ಯವಲ್ಲ. ಟ್ಯಾಬ್ಲೆಟ್ ಕವರಿನ ಅಯಸ್ಕಾಂತ ವಿಮಾನದ ದಿಕ್ಸೂಚಿಯನ್ನು ಅಡ್ಡದಾರಿಗೆ ಎಳೆಯುವುದುಂಟು, ಹತ್ತಿರ ಇಡಬಾರದು. ಉಪಗ್ರಹ ಸಂಕೇತವನ್ನೇ ಯಾರಾದರೂ ಅಡಗಿಸಬಹುದು, ಹುಸಿ ಸಂಕೇತ ಬಿಡಬಹುದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಈ ಬಗ್ಗೆ 2023ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಹುಸಿ ಸಂಕೇತ ಸಿಕ್ಕಿದಾಗ ಪರದೆ ಆರುವುದಿಲ್ಲ, ತಪ್ಪು ಜಾಗವನ್ನು ಅಷ್ಟೇ ಅಚ್ಚುಕಟ್ಟಾಗಿ ತೋರಿಸುತ್ತಿರುತ್ತದೆ. ಮೈಸೂರಿನ ದಾರಿಯಲ್ಲಾದರೆ ಅದನ್ನು ಪತ್ತೆ ಹಚ್ಚುವ ಬಗೆ ಹಳೆಯದೇ: ದಿಕ್ಸೂಚಿ ಮತ್ತು ಗಡಿಯಾರದ ಲೆಕ್ಕದಂತೆ ರಾಮನಗರದ ಬಂಡೆಗಳು, ಮಂಡ್ಯದ ಕಾಲುವೆಗಳು, ರೈಲುಹಳಿ ಆಯಾ ಹೊತ್ತಿಗೆ ಕಿಟಕಿಯಾಚೆ ಕಾಣುತ್ತಿವೆಯೇ ಎಂದು ನೋಡುವುದು.