ಕಿವಿಯ ನರದ ಗಂಟು: ಕ್ಯಾನ್ಸರ್ ಅಲ್ಲ, ಆದರೂ ಕಡೆಗಣಿಸುವಂತಿಲ್ಲ

ಸವಡಿ (ರೋಣ ತಾ.): ಕಿರಾಣಿ ಅಂಗಡಿಯ ಯಜಮಾನರೊಬ್ಬರು ಫೋನನ್ನು ಸದಾ ಎಡಗಿವಿಗೇ ಹಿಡಿಯುತ್ತಾರೆ ಎನ್ನೋಣ. ಬಲಗಡೆ ನಿಂತ ಗಿರಾಕಿ "ಅರ್ಧ ಕೇಜಿ ಬೆಲ್ಲ ಕೊಡ್ರಿ" ಎಂದರೆ, "ಏನಂದ್ರಿ? ಈ ಕಡೆ ಬಂದು ಹೇಳ್ರಿ" ಅನ್ನುತ್ತಾರೆ. ಮನೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಾರೆ. ಗುಗ್ಗೆ ತುಂಬಿರಬೇಕೆಂದು ಕಡ್ಡಿ ಹಾಕುತ್ತಾರೆ. "ವಯಸ್ಸಾತಲ್ಲರೀ" ಎಂದು ಯಜಮಾನರೇ ನಕ್ಕುಬಿಡುತ್ತಾರೆ. ಇಂಥವರು ಸವಡಿಯಲ್ಲೇ ಏಕೆ, ರೋಣದ ಪೇಟೆಯಲ್ಲೂ ಗಜೇಂದ್ರಗಡದ ಸಂತೆಯಲ್ಲೂ ಸಿಕ್ಕಾರು.

ವಯಸ್ಸಿನಿಂದಾದರೆ ಸಾಮಾನ್ಯವಾಗಿ ಎರಡೂ ಕಿವಿ ಕೂಡಿಯೇ ಮಂದವಾಗುತ್ತವೆ. ಒಂದೇ ಕಿವಿ ಸೋಲುತ್ತ ಬಂದರೆ ಕಾರಣ ಹುಡುಕಬೇಕು. ಗುಗ್ಗೆಯೋ ಕೀವೋ ಇದ್ದೀತು. ಅಪರೂಪಕ್ಕೆ, ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ, ಒಳಗಿವಿಯಿಂದ ಮೆದುಳಿಗೆ ಹೋಗುವ ನರದಲ್ಲಿ ಗಂಟು ಬೆಳೆದಿರುತ್ತದೆ. ಡಾಕ್ಟರರು ಇದನ್ನು ಅಕೌಸ್ಟಿಕ್ ನ್ಯೂರೋಮಾ ಎನ್ನುತ್ತಾರೆ.

ಮೆದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಇದು ಎಂಟನೆಯದು. ಕೇಳಿಸುವುದೂ ಇದೇ, ನೆಟ್ಟಗೆ ನಿಲ್ಲಿಸುವುದೂ ಇದೇ. ಕರೆಂಟಿನ ವಾಯರಿಗೆ ರಬ್ಬರಿನ ಹೊದಿಕೆ ಇದ್ದಂತೆ ಈ ನರಕ್ಕೂ ಒಂದು ಹೊದಿಕೆಯಿದೆ. ಗಂಟು ಹುಟ್ಟುವುದು ಆ ಹೊದಿಕೆಯ ಕಣಗಳಿಂದ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ನಡೆಯುವಾಗ ಜೋಲಿ ಹೋಗುವುದು ಇದರ ಗುರುತುಗಳು. ಇನ್ನೊಂದು ವಿಚಿತ್ರ ಗುರುತೂ ಉಂಟು: ಫೋನಿನಲ್ಲಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ!

ಹೆಸರಿಗೇ ಹೆದರಿದರೆ?

ಗಂಟು ಎಂದೊಡನೆ ಊರಲ್ಲಿ ಬರುವ ಮಾತು ಕ್ಯಾನ್ಸರ್. ಈ ಗಂಟು ಬಹುತೇಕ ಕ್ಯಾನ್ಸರ್ ಅಲ್ಲವೇ ಅಲ್ಲ. ಮೈಯೆಲ್ಲ ಹರಡುವುದಿಲ್ಲ. ಬೆಳೆದರೂ ವರ್ಷಕ್ಕೆ ಒಂದೆರಡು ಮಿಲಿಮೀಟರ್. ಎಷ್ಟೋ ಗಂಟುಗಳು ಬೆಳೆಯುವುದೇ ಇಲ್ಲ. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ತಲೆಬುರುಡೆಯೊಳಗೆ ಜಾಗ ಎಲ್ಲಿದೆ? ದೊಡ್ಡದಾದ ಗಂಟು ಮುಖದ ನರವನ್ನು, ಆಮೇಲೆ ಮೆದುಳಿನ ಬುಡವನ್ನೇ ಒತ್ತಿ, ಜೀವಕ್ಕೇ ಸಂಚಕಾರ ತಂದೀತು.

ನೂರು ವರ್ಷಕ್ಕೂ ಹಿಂದೆ ಇದಕ್ಕೆ ಕತ್ತಿ ಹಚ್ಚಿಸಿಕೊಂಡ ಹತ್ತರಲ್ಲಿ ಏಳೆಂಟು ಜನ ಬದುಕುತ್ತಿರಲಿಲ್ಲ. ಅಮೆರಿಕದ ಹಾರ್ವಿ ಕುಶಿಂಗ್ ಗಂಟಿನ ತಿರುಳನ್ನಷ್ಟೇ ತೆಗೆದು ಆ ಸಾವು ಇಳಿಸಿದರು. 1917ರಲ್ಲಿ ಈ ಗಂಟಿನ ಬಗ್ಗೆಯೇ ಪುಸ್ತಕ ಬರೆದರು. 1960ರ ದಶಕದಲ್ಲಿ ಸೂಕ್ಷ್ಮದರ್ಶಕ ಬಂತು. ಈಗ ನುರಿತ ಕೈಯಲ್ಲಿ ಸಾವು ತೀರ ಅಪರೂಪ. ಗಾಮಾ ನೈಫ್ ಎಂಬುದೂ ಇದೆ. ಹೆಸರಷ್ಟೇ ಚಾಕು, ಕೊಯ್ಯುವುದೇನಿಲ್ಲ. ಸುಮಾರು ಇನ್ನೂರು ಕಿರಣಗಳನ್ನು ಒಂದೇ ಬಿಂದುವಿಗೆ ಕೂಡಿಸಿ ಗಂಟಿನ ಬೆಳವಣಿಗೆ ತಡೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದುಂಟು.

ಆದರೆ ಕಿರಣದ ಚಿಕಿತ್ಸೆ ಸಣ್ಣ ಗಂಟಿಗೆ ಮಾತ್ರ ಸರಿ. ಸಣ್ಣದಿದ್ದಾಗ ಸಿಕ್ಕರೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತ ಕಾಯಲೂ ಬಹುದು. ದೊಡ್ಡದಾದ ಮೇಲೆ ಆಪರೇಶನ್ ಒಂದೇ ದಾರಿ. ಆಗ ಕಿವಿ ಉಳಿಯುವುದು ಕಷ್ಟ, ಬಾಯಿ ಸೊಟ್ಟಾಗುವ, ಕಣ್ಣು ಮುಚ್ಚದಿರುವ ಭಯವೂ ಹೆಚ್ಚು. ಎಣ್ಣೆ ಬಿಡುತ್ತ ಕಳೆದ ನಾಲ್ಕೈದು ವರ್ಷದ ಬೆಲೆ ಇದೇ.

ಸವಡಿಯವರು ಮೊದಲಿಗೇ ಬೆಂಗಳೂರಿಗೆ ಓಡಬೇಕಾಗಿಲ್ಲ. ಗದಗದ ಜಿಮ್ಸ್‌ನಲ್ಲಿ ಕಿವಿ-ಮೂಗು-ಗಂಟಲಿನ ವಿಭಾಗವಿದೆ. ಮೊದಲು ಎರಡೂ ಕಿವಿಯ ಶ್ರವಣ ಪರೀಕ್ಷೆ. ಅಂತರ ಕಂಡರೆ ಎಂಆರ್‌ಐ. ನೋವಿಲ್ಲ, ಯಂತ್ರದ ಗದ್ದಲವಷ್ಟೇ. ಇನ್ನು ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಒಂದು ಕಿವಿ ಹೋದರೆ ಅಂದೇ ಡಾಕ್ಟರರ ಹತ್ತಿರ ಹೋಗಬೇಕು. ಅದಕ್ಕೆ ಬೇರೆ ಕಾರಣಗಳೂ ಇವೆ, ಔಷಧ ನಾಟುವುದು ಮೊದಲ ಕೆಲವು ದಿನಗಳಲ್ಲೇ.

ಒಂದು ಕಿವಿ ಹೋದವರಿಗೆ ಬಸ್‌ಸ್ಟ್ಯಾಂಡಿನಲ್ಲಿ ಹಾರ್ನ್ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ಎರಡೂ ಕಡೆ ಕತ್ತು ಹೊರಳಿಸಿ ನೋಡಿಯೇ ದಾಟಬೇಕು. ಅಂಗಡಿಯಲ್ಲಾದರೆ ಗಿರಾಕಿ ಬರುವ ಕಡೆಗೆ ಒಳ್ಳೆಯ ಕಿವಿ ಬರುವಂತೆ ಗಲ್ಲೆ ತಿರುಗಿಸಿಕೊಂಡರಾಯಿತು.