ಸಾಕಿದ ನಾಯಿಯನ್ನು ಬೇರೆಯವರಿಗೆ ಕೊಡುವ ಮುನ್ನ

ಹೋದ ವರ್ಷ ನಮ್ಮ ಮನೆಯಲ್ಲಿ ಕುರಿ ಸಾಕಣೆ ನಿಲ್ಲಿಸಿದೆವು. ಅಪ್ಪನಿಗೆ ಮೊಣಕಾಲು ನೋವು, ನನಗೆ ಹುಬ್ಬಳ್ಳಿಯಲ್ಲಿ ಕೆಲಸ. ಕುರಿಗಳನ್ನು ಸಂತೆಯಲ್ಲಿ ಮಾರಿದ್ದಾಯ್ತು. ಉಳಿದವನು ರಾಜ, ನಾಲ್ಕು ವರ್ಷದ ಮುಧೋಳ ನಾಯಿ. ದಿನವಿಡೀ ಹಿಂಡಿನ ಜೊತೆ ಓಡಾಡ್ತಿದ್ದವನು ಅಂಗಳದಲ್ಲಿ ಸರಪಳಿಗೆ ಬಿದ್ದ. ಅವನ ಎಳೆತಕ್ಕೆ ಅವ್ವ ಎರಡು ಸಲ ಬಿದ್ದಳು. ಬೇರೆ ಮನೆ ಹುಡುಕಲೇಬೇಕಾಯ್ತು.

ನಾನು ಮಾಡಿದ ತಪ್ಪು

ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ: 'ಮುಧೋಳ ನಾಯಿ, ಫ್ರೀ.' ಒಂದೇ ಗಂಟೆಯಲ್ಲಿ ಫೋನ್ ಮೇಲೆ ಫೋನ್. ಮೊದಲು ಗಾಡಿ ತಂದವರಿಗೆ ಕೊಟ್ಟು ಕೈ ತೊಳೆದುಕೊಂಡೆ. ಎರಡು ವಾರ ಕಳೆದ ಮೇಲೆ ಅವ್ವ ಕೇಳಿದಳು, "ಕೊಟ್ಟ ಮ್ಯಾಲೆ ಒಮ್ಮೆರ ನೋಡಾಕ ಹೋಗಿದ್ದೇನು?"

ಹೋದೆ. ಶೆಡ್ಡಿನ ಹಿಂದೆ, ಎರಡು ಮೊಳದ ಸರಪಳಿಯಲ್ಲಿ ರಾಜ ನಿಂತಿದ್ದ. ಈ ತಳಿ ಮೊದಲೇ ಸಣಕಲು, ಆದರೆ ಅವನ ಸೊಂಟದ ಎಲುಬೂ ಎದ್ದು ಕಾಣ್ತಿತ್ತು. ಕತ್ತಿನಲ್ಲಿ ಗಾಯ. ಮರುಮಾತಾಡದೆ ವಾಪಸ್ ಕರ್ಕೊಂಡು ಬಂದೆ. ತಪ್ಪು ಅವರದ್ದಷ್ಟೇ ಅಲ್ಲ. ಕೊಡುವಾಗ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಎರಡನೇ ಸಲ ಹೀಗೆ ಮಾಡಿದೆ

1. ಮೊದಲು ಪಶು ಆಸ್ಪತ್ರೆ. ಗಾಯಕ್ಕೆ ಔಷಧಿ, ರೇಬೀಸ್ ಲಸಿಕೆ, ಜಂತುಹುಳದ ಮಾತ್ರೆ. ರೇಬೀಸ್ ಲಸಿಕೆಯನ್ನು ಪ್ರತಿ ವರ್ಷ ತಪ್ಪದೆ ಹಾಕಿಸಬೇಕು, ಹಾಗಾಗಿ ತಾರೀಖು ಬರೆದ ಕಾರ್ಡನ್ನು ಎತ್ತಿಟ್ಟುಕೊಂಡೆ. ಮರಿ ಬೇಡವೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಕೊಡುವ ಮೊದಲೇ ಮಾಡಿಸುವುದು ಒಳ್ಳೇದು.

2. ಇದ್ದದ್ದು ಇದ್ದ ಹಾಗೆ ಹೇಳಿದೆ. 'ಕುರಿ ಕಾಯ್ತಾನೆ, ಮಕ್ಕಳಿಗೆ ಏನೂ ಮಾಡಲ್ಲ, ಕೋಳಿ ಕಂಡ್ರೆ ಅಟ್ಟಿಸ್ಕೊಂಡು ಹೋಗ್ತಾನೆ.' ಕೆಟ್ಟ ಚಾಳಿ ಮುಚ್ಚಿಟ್ಟು ಕೊಟ್ಟರೆ ವಾರದಲ್ಲಿ ನಾಯಿ ಬೀದಿಗೆ ಬೀಳುತ್ತೆ.

3. ಫೋನಿನಲ್ಲೇ ಜರಡಿ ಹಿಡಿದೆ. ದಿನಾ ಊಟ ಹಾಕೋರು ಯಾರು? ಎಷ್ಟು ಹೊತ್ತು ಕಟ್ಟಿ ಹಾಕ್ತೀರಿ? ಊರಿಗೆ ಹೋದಾಗ ನೋಡ್ಕೊಳ್ಳೋರು ಯಾರು? ಒಬ್ಬರು ನನ್ನನ್ನೇ ಕೇಳಿದರು, "ತಮ್ಮಾ, ಮೊಲ ಹಿಡಿತೈತೇನು?" ಅಲ್ಲಿಗೇ ಫೋನ್ ಇಟ್ಟೆ. ಕಾಡುಮೊಲದ ಬೇಟೆ ವನ್ಯಜೀವಿ ಕಾಯ್ದೆಯಡಿ ಅಪರಾಧ.

4. ಜಾಗವನ್ನು ಕಣ್ಣಾರೆ ನೋಡಿದೆ. ಇಪ್ಪತ್ತು ಕಿಲೋಮೀಟರ್ ದೂರದ ಒಂದು ಕುರಿಗಾರರ ಮನೆ. ಅವರ ಹಳೇ ನಾಯಿಗೆ ಹದಿಮೂರು ವರ್ಷ, ಇನ್ನೂ ಮನೆ ಬಾಗಿಲಲ್ಲೇ ಮಲಗಿತ್ತು. ಕೆಲಸಕ್ಕೆ ಬಾರದ ಮೇಲೂ ಇಟ್ಟುಕೊಂಡಿದ್ದಾರೆ ಅಂದ್ರೆ ನಂಬಬಹುದು ಅನ್ನಿಸ್ತು.

5. ನಾನೇ ಕರ್ಕೊಂಡು ಹೋಗಿ ಬಿಟ್ಟೆ. ಜೊತೆಗೆ ಅವನು ಮಲಗುವ ಗೋಣಿಚೀಲ, ಊಟದ ತಟ್ಟೆ, ಲಸಿಕೆ ಕಾರ್ಡ್. ಅಭ್ಯಾಸದ ರೊಟ್ಟಿ-ಮಜ್ಜಿಗೆಯನ್ನೇ ಕೆಲವು ದಿನ ಹಾಕಿ ಅಂದೆ. ಹೊಸ ಜಾಗದಿಂದ ನಾಯಿ ಹಳೇ ಮನೆ ಹುಡುಕ್ಕೊಂಡು ಓಡೋದುಂಟು, ಅದಕ್ಕೆ ಮೊದಲ ಕೆಲ ವಾರ ಉದ್ದ ಹಗ್ಗದಲ್ಲೇ ತಿರುಗಾಡಿಸಬೇಕು. ಹುಷಾರು ತಪ್ಪಿದರೆ ಅಂತ ಪಶು ಸಹಾಯವಾಣಿ 1962 ಅನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಟ್ಟೆ.

6. ಒಂದು ಮಾತು ತಗೊಂಡೆ. "ಹೊಂದಿಕೆ ಆಗ್ಲಿಲ್ಲಂದ್ರ ನನಗ ಫೋನ್ ಮಾಡ್ರಿ ಯಣ್ಣಾ, ಮತ್ತೊಬ್ಬರಿಗೆ ಕೊಡಬ್ಯಾಡ್ರಿ."

ಬಿಟ್ಟು ಬರುವುದು ದಾರಿಯಲ್ಲ

ಸಂತೆಯಲ್ಲೋ ಡಾಬಾದ ಹತ್ತಿರವೋ ಬಿಟ್ಟು ಬಂದರೆ 'ಹೆಂಗೋ ಬದುಕುತ್ತೆ' ಅಂತ ನಮ್ಮ ಸುತ್ತ ಅನ್ನೋದುಂಟು. ಮನೆ ಊಟ ತಿಂದು ಬೆಳೆದ ನಾಯಿಯನ್ನು ಬೀದಿ ನಾಯಿಗಳು ಸೇರಿಸಲ್ಲ. ಹಸಿವು, ಇಲ್ಲಾ ಲಾರಿ ಚಕ್ರ. ಸಾಕುಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟುಬಿಡುವುದು, ಗಿಡ್ಡ ಸರಪಳಿಯಲ್ಲಿ ಸದಾ ಕಟ್ಟಿಹಾಕುವುದು, ಎರಡೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ.

ಮೊದಲ ವಾರ ರಾಜ ಸರಿಯಾಗಿ ಉಣ್ಣಲಿಲ್ಲ. ಆ ಯಣ್ಣ ದಿನಾ ಸಂಜೆ ವಿಡಿಯೋ ಕಾಲ್ ಮಾಡಿದರು. ನನ್ನ ದನಿ ಕೇಳಿ ಅವನು ಇನ್ನಷ್ಟು ಹುಡುಕಾಡ್ತಿದ್ದ. ಅದಕ್ಕೆ ನಾನು ಮಾತಾಡೋದು ಬಿಟ್ಟೆ, ಸುಮ್ನೆ ನೋಡ್ತಿದ್ದೆ. ತಿಂಗಳಾದ ಮೇಲೆ ಒಂದು ಫೋಟೋ ಬಂತು. ಕುರಿದೊಡ್ಡಿಯ ಬಾಗಿಲಲ್ಲಿ ಆ ಮುದಿ ನಾಯಿ, ಪಕ್ಕದಲ್ಲೇ ರಾಜ, ಇಬ್ಬರೂ ನಿದ್ದೆಯಲ್ಲಿದ್ದರು. ಅವ್ವನಿಗೆ ತೋರಿಸಿದೆ. "ಈಗ ಸರಿ ಆತು" ಅಂದಳು.